ಖಾಲಿ ಬ್ಯಾಣದಲ್ಲಿ ಗಿಡ ನೆಟ್ಟು ಸರ್ಕಾರದ ಪ್ರೋತ್ಸಾಹಧನ ತಗೊಳ್ಳೋದು ಹೇಗೆ

ಉತ್ತರ ಕನ್ನಡದ ಶಿರಸಿ, ಸಿದ್ದಾಪುರ ಕಡೆ ಯಾರ ಮನೆಗೆ ಹೋದರೂ ಅರ್ಧ ಎಕರೆಯೋ ಒಂದು ಎಕರೆಯೋ ಬ್ಯಾಣ, ಅಂದರೆ ಹುಲ್ಲು ಬೆಳೆಯುವ ಜಾಗ, ಸುಮ್ನೆ ಬಿದ್ದಿರುತ್ತದೆ. ಮೊದಲು ಕೊಟ್ಟಿಗೆ ತುಂಬ ದನ ಇದ್ದವು, ಹುಲ್ಲಿಗೆ ಬ್ಯಾಣ ಬೇಕಿತ್ತು. ಈಗ ಎರಡು ದನ ಇದ್ದರೆ ಜಾಸ್ತಿ. ಹುಲ್ಲು ಕೊಯ್ಯುವವರು ಸಿಗುವುದಿಲ್ಲ, ಯುಪಟೋರಿಯಂ ಕಳೆ ಆಳೆತ್ತರ ಎದ್ದು ನಿಂತಿರುತ್ತದೆ. ಅಂಥ ಜಾಗದಲ್ಲಿ ಕಾಡುಜಾತಿ ಗಿಡ ನೆಟ್ಟು ಬದುಕಿಸಿದರೆ ಅರಣ್ಯ ಇಲಾಖೆ ಮೂರು ವರ್ಷ ದುಡ್ಡು ಕೊಡುತ್ತದೆ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಅಂತ ಅದರ ಹೆಸರು. 2011-12ರಿಂದ ನಡೆಯುತ್ತಿದೆ. ಆದರೂ ನಮ್ಮೂರಲ್ಲಿ ಕೇಳಿದರೆ ಅರ್ಧ ಜನಕ್ಕೆ ಗೊತ್ತಿಲ್ಲ, ಗೊತ್ತಿದ್ದವರಲ್ಲಿ ಅರ್ಧ ಜನ "ಅದೆಲ್ಲ ಬರಿ ಓಡಾಟ ಮಾರಾಯ, ದುಡ್ಡು ಬರೋದಿಲ್ಲ" ಅನ್ನುತ್ತಾರೆ. ನನಗೆ ಬಂದಿದೆ. ಎಷ್ಟು ಬಂತು, ಎಲ್ಲಿ ಎಡವಿದೆ, ಎಲ್ಲ ಹೇಳುತ್ತೇನೆ.

ಮೊದಲು ದುಡ್ಡಿನ ವಿಷಯ. ನೀವು ಇಲಾಖೆಯ ನರ್ಸರಿಯಿಂದ ರಿಯಾಯಿತಿ ದರದಲ್ಲಿ ಸಸಿ ತಂದು ನಿಮ್ಮ ಸ್ವಂತ ಜಾಗದಲ್ಲಿ ನೆಡಬೇಕು. ಒಂದು ವರ್ಷ ಆದ ಮೇಲೆ ಬದುಕಿರುವ ಪ್ರತಿ ಗಿಡಕ್ಕೆ 35 ರೂಪಾಯಿ. ಎರಡನೇ ವರ್ಷ ಬದುಕಿದ್ದಕ್ಕೆ 40. ಮೂರನೇ ವರ್ಷಕ್ಕೆ 50. ಅಂದರೆ ಒಂದು ಗಿಡ ಮೂರು ವರ್ಷ ಉಳಿದರೆ 125 ರೂಪಾಯಿ. ಶುರುವಾದಾಗ ಇದು ಒಟ್ಟು 45 ಇತ್ತು, ಆಮೇಲೆ 100 ಮಾಡಿದರು, ಆಮೇಲೆ 125. ಹೀಗೆ ಆಗಾಗ ಬದಲಾಗುವುದರಿಂದ ಅರ್ಜಿ ಕೊಡುವ ದಿನ ಈ ವರ್ಷದ ದರ ಎಷ್ಟು ಅಂತ ಅರಣ್ಯ ಇಲಾಖೆಯ ರೇಂಜ್ ಆಫೀಸಿನಲ್ಲಿ ಬಾಯಿಬಿಟ್ಟು ಕೇಳಿ. ಹೆಕ್ಟೇರಿಗೆ ಹೆಚ್ಚೆಂದರೆ 400 ಗಿಡದ ಲೆಕ್ಕ. ನಮ್ಮ ಲೆಕ್ಕದಲ್ಲಿ ಎಕರೆಗೆ ಸುಮಾರು 160.

ಈಗ ಒಂದು ಮಾತು ತಲೆಯಲ್ಲಿ ಇಟ್ಟುಕೊಳ್ಳಿ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ಗುಂಡಿ ತೆಗೆದಿದ್ದಕ್ಕೆ ದುಡ್ಡಿಲ್ಲ, ಸಸಿ ತಂದಿದ್ದಕ್ಕೆ ದುಡ್ಡಿಲ್ಲ, ನೆಟ್ಟಿದ್ದಕ್ಕೂ ಇಲ್ಲ. ಅರಣ್ಯ ಇಲಾಖೆಯ ಗಾರ್ಡ್ ಎಣಿಸಲು ಬಂದ ದಿನ ಅವರ ಕಣ್ಣಿಗೆ ಜೀವಂತವಾಗಿ ಕಂಡ ಗಿಡಕ್ಕೆ ಮಾತ್ರ. ಹಾಗಾಗಿ 400 ಸಸಿ ತಂದು 80 ಉಳಿಸಿಕೊಳ್ಳುವುದಕ್ಕಿಂತ 120 ತಂದು 100 ಉಳಿಸಿಕೊಳ್ಳುವುದು ಎಲ್ಲ ರೀತಿಯಲ್ಲೂ ಲಾಭ. ಇದು ಗೊತ್ತಿದ್ದೂ ನಾನು ಮೊದಲ ಸಲ ಪಿಕಪ್ ತುಂಬ ಸಸಿ ಹೇರಿಕೊಂಡು ಬಂದೆ. ಆಯಿ ಜಗುಲಿ ಮೇಲೆ ನಿಂತು ನೋಡಿ, "ಇಷ್ಟೆಲ್ಲ ತಂದು ಎಂತ ಮಾಡ್ತ್ಯ ತಮಾ?" ಅಂದಳು. ಅವಳು ಕೇಳಿದ್ದು ಸರಿಯಾಗಿಯೇ ಇತ್ತು.

ಜಾಗ ಯಾವುದು, ಯಾರ ಹೆಸರಲ್ಲಿದೆ

ನಮ್ಮ ಜಿಲ್ಲೆಯಲ್ಲಿ ಎಲ್ಲರೂ ಸಿಕ್ಕಿಬೀಳುವುದು ಇಲ್ಲಿಯೇ. ಸಸಿ ತರುವ ಮುಂಚೆ, ಅರ್ಜಿ ಬರೆಯುವ ಮುಂಚೆ, ಪಹಣಿ ತೆಗೆಸಿ ಕೈಯಲ್ಲಿ ಹಿಡಿದು ಓದಿ. 9ನೇ ಕಾಲಂನಲ್ಲಿ ನಿಮ್ಮ ಹೆಸರು ಇದೆಯಾ? ಅಜ್ಜನ ಹೆಸರಲ್ಲೇ ಇದ್ದರೆ, ಅಜ್ಜ ತೀರಿಹೋಗಿ ಇಪ್ಪತ್ತು ವರ್ಷ ಆಗಿದ್ದರೆ, ಮೊದಲು ಪೌತಿ ಖಾತೆ, ಅಂದರೆ ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾವಣೆ, ಮಾಡಿಸಿಕೊಳ್ಳಿ. ಅದಕ್ಕೆ ಸಮಯ ಹಿಡಿಯುತ್ತದೆ, ಆದರೆ ಅದು ಈ ಯೋಜನೆ ಒಂದಕ್ಕೇ ಅಲ್ಲ, ನಾಳೆ ಬೆಳೆ ವಿಮೆಗೂ ಬೇಕು, ಸೊಸೈಟಿ ಸಾಲಕ್ಕೂ ಬೇಕು. ಅಣ್ಣತಮ್ಮಂದಿರ ಹೆಸರು ಜಂಟಿಯಾಗಿ ಇದ್ದರೆ ಉಳಿದವರ ಒಪ್ಪಿಗೆ ಪತ್ರ ಬರೆಸಿಕೊಳ್ಳಿ. ಅಣ್ಣ ಬೆಂಗಳೂರಿನಲ್ಲಿದ್ದರೆ ಅವನು ದೀಪಾವಳಿಗೆ ಬಂದಾಗಲೇ ಸಹಿ ಹಾಕಿಸಿಕೊಳ್ಳಿ. ಮೇ ತಿಂಗಳಲ್ಲಿ ಫೋನು ಮಾಡಿದರೆ "ಮುಂದಿನ ವಾರ ಕಳಿಸ್ತೆ" ಅಂತಾನೆ, ಮಳೆ ಬಂದುಹೋಗಿರುತ್ತದೆ.

ಬೆಟ್ಟದ ಕಥೆ ಬೇರೆ. ನಮ್ಮ ಕಡೆ ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟ, ಅಂದರೆ ಸೊಪ್ಪು ತರುವ ಕಾಡಿನ ತುಂಡು, ಇರುತ್ತದೆ, ಎಕರೆ ತೋಟಕ್ಕೆ 9 ಎಕರೆವರೆಗೆ ಬಿಟ್ಟ ಹಳೆಯ ಕ್ರಮ ಅದು. ಬಾಯಲ್ಲಿ ನಾವು "ನಮ್ಮ ಬೆಟ್ಟ" ಅನ್ನುತ್ತೇವೆ. ಕಾಗದದಲ್ಲಿ ಅದು ಸೊಪ್ಪು, ದರಕು (ಒಣಗಿದ ಎಲೆ), ಹುಲ್ಲು ತಂದುಕೊಳ್ಳುವ ಸೌಲಭ್ಯ ಅಷ್ಟೇ, ಜಾಗದ ಒಡೆತನ ಅಲ್ಲ. ಹಾಗಾಗಿ ಸ್ವಂತ ಜಾಗ ಅಂತ ಬೆಟ್ಟದ ಸರ್ವೆ ನಂಬರ್ ಬರೆದು ಅರ್ಜಿ ಕೊಡಬೇಡಿ. ಬೆಟ್ಟದಲ್ಲಿ ಗಿಡ ಬೆಳೆಸುವ ಮನಸ್ಸಿದ್ದರೆ ಅದನ್ನು ರೇಂಜರ್ ಹತ್ತಿರ ಬೇರೆಯಾಗಿ ಮಾತಾಡಿ. ಅತಿಕ್ರಮಣ ಜಾಗವೂ ಅಷ್ಟೇ, ಎಷ್ಟು ವರ್ಷದಿಂದ ಸಾಗುವಳಿ ಮಾಡುತ್ತಿದ್ದರೂ ಹಕ್ಕುಪತ್ರ ಇಲ್ಲದೆ ಇದರಲ್ಲಿ ಬರುವುದಿಲ್ಲ. ಬೇಜಾರಿನ ಮಾತು, ಆದರೆ ಮೊದಲೇ ಗೊತ್ತಿದ್ದರೆ ಒಂದು ಬೇಸಿಗೆಯ ಓಡಾಟ ಉಳಿಯುತ್ತದೆ.

ಉಳಿಯುವುದು ಬ್ಯಾಣ, ಹಕ್ಕಲು (ಬೀಳು ಒಣಭೂಮಿ), ಗದ್ದೆಯ ಬದು, ತೋಟದ ಅಗಳದ (ಗಡಿ ಕಂದಕದ) ಅಂಚು. ಇವು ಸಾಕು. ಅಂಚಿನಲ್ಲಿ ಸಾಲಾಗಿ ನೆಡಬಹುದು, ಜಾಗ ಇದ್ದರೆ ಒಟ್ಟಾಗಿ ತೋಪಿನಂತೆಯೂ ನೆಡಬಹುದು. ಹೆಕ್ಟೇರಿಗೆ 400 ಅಂದರೆ ಗಿಡದಿಂದ ಗಿಡಕ್ಕೆ 5 ಮೀಟರ್, ನಮ್ಮ ಅಂದಾಜಿನಲ್ಲಿ 16 ಅಡಿ. ನನ್ನದು 35 ಗುಂಟೆ ಬ್ಯಾಣ, ಲೆಕ್ಕ ಹಾಕಿದರೆ 140 ಗಿಡ.

ಯಾವ ಗಿಡಕ್ಕೆ ದುಡ್ಡಿಲ್ಲ

ಈ ಪಟ್ಟಿ ನೋಡದೆ ನೆಟ್ಟವರು ಆಮೇಲೆ ಇಲಾಖೆಗೆ ಬೈಯುತ್ತಾರೆ. ನೀಲಗಿರಿ, ಅಕೇಶಿಯಾ, ಸಿಲ್ವರ್ ಓಕ್, ಗಾಳಿಮರ, ಸುಬಾಬುಲ್, ಗ್ಲಿರಿಸಿಡಿಯಾ, ರಬ್ಬರ್ ಇವಕ್ಕೆ ಇಲ್ಲ. ತೆಂಗು, ಅಡಿಕೆ ಕೇಳಲೇಬೇಡಿ. ನಿಂಬೆ, ಕಿತ್ತಳೆ ಜಾತಿಯವಕ್ಕೂ ಇಲ್ಲ. ಕಸಿ ಮಾಡಿದ ಮಾವಿಗೂ ಇಲ್ಲ. ಈ ಕೊನೆಯದು ನಮ್ಮ ಕಡೆಯವರಿಗೆ ಹೊಡೆತ. ಯಾಕೆಂದರೆ ಈಗ ಎಲ್ಲರೂ ಹಾಕುವುದು ಅಪ್ಪೆಮಿಡಿಯ ಕಸಿ ಗಿಡವನ್ನೇ. ಹಾಕಿ, ಬೇಡ ಅನ್ನುವುದಿಲ್ಲ, ಉಪ್ಪಿನಕಾಯಿಗೆ ಬೇಕೇ ಬೇಕು. ಆದರೆ ಅದನ್ನು ಈ ಲೆಕ್ಕದಲ್ಲಿ ಸೇರಿಸಬೇಡಿ.

ಕುಮಟಾದಲ್ಲಿರುವ ನಮ್ಮ ಭಾವನಿಗೆ ಗಾಳಿಮರ ನೆಡುವ ಆಸೆ ಇತ್ತು. ಸಮುದ್ರದಿಂದ ಒಂದು ಮೈಲಿ ದೂರದ ಮರಳು ಜಾಗ, ಗಾಳಿ ತಡೆಯುತ್ತದೆ, ಬೇಗ ಬೆಳೆಯುತ್ತದೆ, ಅವನ ಲೆಕ್ಕ ತಪ್ಪೇನಲ್ಲ. ಆದರೆ ಪ್ರೋತ್ಸಾಹಧನ ಸಿಗಲ್ಲ ಅಂತ ಗೊತ್ತಾದ ಮೇಲೆ ಅರ್ಧ ಜಾಗಕ್ಕೆ ಸುರಹೊನ್ನೆ, ಮುರುಗಲು (ಕೋಕಂ) ಹಾಕಿದ. ಕರಾವಳಿಯವರಿಗೆ ನಾನೂ ಅದನ್ನೇ ಹೇಳುವುದು. ಸುರಹೊನ್ನೆಗೆ ಉಪ್ಪುಗಾಳಿ ಏನೂ ಮಾಡುವುದಿಲ್ಲ. ಮುರುಗಲಿಗೆ ಹೆಚ್ಚು ಆರೈಕೆ ಬೇಡ, ಸಿಪ್ಪೆ ಒಣಗಿಸಿದರೆ ಕೊಳ್ಳುವವರು ಮನೆ ಬಾಗಿಲಿಗೆ ಬರುತ್ತಾರೆ. ಗಜನಿಗೆ, ಅಂದರೆ ಕರಾವಳಿಯ ಉಪ್ಪುನೀರಿನ ಗದ್ದೆಗೆ, ಮಾತ್ರ ಈ ಯೋಜನೆ ಹೊಂದುವುದಿಲ್ಲ. ಉಪ್ಪುನೀರು ನಿಲ್ಲುವ, ಕಗ್ಗ ಭತ್ತ ಬೆಳೆಯುವ ಜಾಗದಲ್ಲಿ ಹೊನ್ನೆ, ಹಲಸು ನೆಟ್ಟರೆ ಒಂದು ಮಳೆಗಾಲವೂ ದಾಟುವುದಿಲ್ಲ. ಅಲ್ಲಿಯ ಕೆಲಸ ಗಜನಿ ಕಟ್ಟೆ ಉಳಿಸಿಕೊಳ್ಳುವುದು. ಅದರ ದುಡ್ಡು, ಅದರ ಇಲಾಖೆ, ಅದರ ಜಗಳ ಎಲ್ಲ ಬೇರೆ.

ಘಟ್ಟದ ಮೇಲಿನವರಿಗೆ ಆಯ್ಕೆ ಜಾಸ್ತಿ. ಹಲಸು, ಹೆಬ್ಬಲಸು, ನೇರಳೆ, ನೆಲ್ಲಿ, ಉಪ್ಪಾಗೆ, ಮುರುಗಲು, ಹೊನ್ನೆ, ಮತ್ತಿ, ನಂದಿ, ಶಿವಣೆ, ಧೂಪ, ಸಾಗುವಾನಿ, ಗಂಧ. ನರ್ಸರಿಯಲ್ಲಿ ಆ ವರ್ಷ ಏನು ಬೆಳೆಸಿದ್ದಾರೋ ಅದರಲ್ಲಿ ಆರಿಸಬೇಕು. ಎಲ್ಲರೂ ಸಾಗುವಾನಿ ಕೇಳುತ್ತಾರೆ. ನನ್ನ ಮಾತು ಕೇಳುವುದಾದರೆ ಕಾಲು ಭಾಗ ನಾಟಾ (ಮರಮುಟ್ಟಿನ) ಮರ, ಉಳಿದದ್ದು ಹಣ್ಣಿನ ಮರ. ಸಾಗುವಾನಿ ಮೊಮ್ಮಕ್ಕಳ ಕಾಲಕ್ಕೆ. ಉಪ್ಪಾಗೆ, ಮುರುಗಲು ನಾವು ಬದುಕಿರುವಾಗಲೇ ಕೈಗೆ ಏನಾದರೂ ಕೊಡುತ್ತವೆ. ಮಂಗಗಳಿಗೂ ಬ್ಯಾಣದಲ್ಲೇ ತಿನ್ನಲು ಸಿಕ್ಕರೆ ತೋಟಕ್ಕೆ ಬರುವುದು ಸ್ವಲ್ಪ ಕಡಿಮೆಯಾದೀತು ಅನ್ನುವುದು ನನ್ನ ಆಸೆ. ಇನ್ನೂ ಆಸೆಯಾಗಿಯೇ ಇದೆ.

ಗಂಧದ ಬಗ್ಗೆ ಕೇಳುವವರು ಜಾಸ್ತಿ ಇದ್ದಾರೆ, ಅದಕ್ಕೇ ಹೇಳುತ್ತೇನೆ. 2001ರಲ್ಲಿ ಕಾನೂನು ತಿದ್ದುಪಡಿಯಾದ ಮೇಲೆ ನಿಮ್ಮ ಜಾಗದಲ್ಲಿ ನೀವು ಬೆಳೆಸಿದ ಗಂಧ ನಿಮ್ಮದೇ. ಆದರೆ ಕಡಿಯುವುದಕ್ಕೆ, ಸಾಗಿಸುವುದಕ್ಕೆ ಇಲಾಖೆಯ ಅನುಮತಿ ಬೇಕು. ಅದಕ್ಕಿಂತ ದೊಡ್ಡ ತಲೆನೋವು ಕಳ್ಳರದು. ಮನೆಯಿಂದ ಕಣ್ಣಿಗೆ ಕಾಣದ ಜಾಗದಲ್ಲಿ ಗಂಧ ನೆಡಬೇಡಿ. ಇನ್ನೊಂದು ವಿಷಯ ಏನೆಂದರೆ ಗಂಧ ಬೇರೆ ಗಿಡದ ಬೇರಿನಿಂದ ಊಟ ತಗೊಳ್ಳುವ ಮರ, ಪಕ್ಕದಲ್ಲಿ ತೊಗರಿಯೋ ಮತ್ತೊಂದೋ ಜೊತೆಗಿಡ ಇಲ್ಲದಿದ್ದರೆ ಬಡಕಲಾಗುತ್ತದೆ.

ಅರ್ಜಿ

ಇದು ನೀವು ಅಂದುಕೊಂಡಷ್ಟು ಕಷ್ಟ ಇಲ್ಲ. ನಿಮ್ಮ ಊರು ಯಾವ ರೇಂಜಿಗೆ ಬರುತ್ತದೋ ಆ ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಬೇಕು. ಜಿಲ್ಲೆಯಲ್ಲಿ ಶಿರಸಿ, ಯಲ್ಲಾಪುರ, ಹಳಿಯಾಳ, ಕಾರವಾರ, ಹೊನ್ನಾವರ ಅಂತ ವಿಭಾಗಗಳಿವೆ, ಅವುಗಳ ಕೆಳಗೆ ರೇಂಜುಗಳು. ತಾಲೂಕಿನ ಗಡಿಯೂ ರೇಂಜಿನ ಗಡಿಯೂ ಒಂದೇ ಅಂದುಕೊಳ್ಳಬೇಡಿ. ಗೊತ್ತಾಗದಿದ್ದರೆ ನಿಮ್ಮ ಊರಿಗೆ ಬರುವ ಗಾರ್ಡನ್ನು ಕೇಳಿ. ಅವರ ಫೋನ್ ನಂಬರ್ ಮೊದಲ ದಿನವೇ ತಗೊಂಡಿಟ್ಟುಕೊಳ್ಳಿ, ಮೂರು ವರ್ಷ ನಿಮ್ಮ ಸಂಬಂಧ ಅವರ ಜೊತೆಗೇ.

ಅರ್ಜಿ ಜೊತೆ ಕೊಡಬೇಕಾದ್ದು ಪಹಣಿ, ಜಾಗದ ಕೈನಕ್ಷೆ, ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಫೋಟೋ. ನೋಂದಣಿ ಶುಲ್ಕ 10 ರೂಪಾಯಿ. ನಕ್ಷೆ ಅಂದರೆ ಹೆದರಬೇಡಿ, ಸರ್ವೇಯರ್ ಬೇಕಿಲ್ಲ. ಬಿಳಿ ಹಾಳೆಯಲ್ಲಿ ರಸ್ತೆ ಎಲ್ಲಿ, ಮನೆ ಎಲ್ಲಿ, ಹಳ್ಳ ಎಲ್ಲಿ, ನೆಡುವ ಜಾಗ ಎಲ್ಲಿ ಅಂತ ಗೆರೆ ಎಳೆದು, ಪಕ್ಕದವರ ಜಾಗದ ಸರ್ವೆ ನಂಬರ್ ಬರೆದರೆ ಆಯಿತು. ಎಫ್‌ಐಡಿ ನಂಬರ್, ಅಂದರೆ ರೈತ ಸಂಪರ್ಕ ಕೇಂದ್ರದಲ್ಲಿ ಮಾಡಿಸುವ ಫ್ರೂಟ್ಸ್ ನೋಂದಣಿಯದ್ದು, ಇನ್ನೂ ಮಾಡಿಸದಿದ್ದರೆ ಅದನ್ನೂ ಮಾಡಿಸಿಬಿಡಿ. ಅದರಲ್ಲಿ ನಿಮ್ಮ ಎಲ್ಲ ಸರ್ವೆ ನಂಬರ್ ಸೇರಿದೆಯಾ ನೋಡಿ. ಒಂದು ತುಂಡು ಬಿಟ್ಟುಹೋಗಿರುವುದು ತುಂಬ ಮಾಮೂಲು.

ಎರಡು ವಿಷಯದಲ್ಲಿ ಸೋಮಾರಿತನ ಮಾಡಬೇಡಿ. ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ಕೇಳಿ ಪಡೆಯಿರಿ, ಇನ್ನೊಂದು ಪ್ರತಿ ಮೇಲೆ ಸೀಲು ಹಾಕಿಸಿಕೊಂಡರೂ ಆಗುತ್ತದೆ. ನರ್ಸರಿಯಲ್ಲಿ ಸಸಿ ತಗೊಂಡಾಗ ಕೊಡುವ ರಸೀದಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಪಹಣಿ ಜೊತೆಗೇ ಇಡಿ. ಮಳೆಗಾಲದಲ್ಲಿ ಅಂಗಿಜೇಬಿನಲ್ಲಿ ಇಟ್ಟ ರಸೀದಿ ಏನಾಗುತ್ತದೆ ಅಂತ ನನಗೆ ಗೊತ್ತು.

ಮಾರ್ಚ್, ಏಪ್ರಿಲ್ ಒಳಗೆ ಅರ್ಜಿ ಮುಗಿಸಿದರೆ ಒಳ್ಳೆಯದು. ಮೇ ಕೊನೆಯಿಂದ ನರ್ಸರಿಗಳಲ್ಲಿ ನೂಕುನುಗ್ಗಲು ಶುರುವಾಗುತ್ತದೆ, ಜೂನ್ 5ರ ಪರಿಸರ ದಿನ ಬಂತೆಂದರೆ ಶಾಲೆಯವರು, ಸಂಘದವರು ಎಲ್ಲ ಬಂದು ಒಳ್ಳೆಯ ಸಸಿ ಎತ್ತಿಕೊಂಡು ಹೋಗುತ್ತಾರೆ. ಜಿಲ್ಲಾ ಪಂಚಾಯತಿ ಕಡೆಯ ಸಾಮಾಜಿಕ ಅರಣ್ಯ ವಿಭಾಗದ ನರ್ಸರಿಯೂ ಇದೆ, ಒಂದು ಕಡೆ ಖಾಲಿಯಾದರೆ ಇನ್ನೊಂದು ಕಡೆ ಕೇಳಿ.

ಸಸಿ, ಗುಂಡಿ, ಕೋಲು

ಸಸಿಯ ಬೆಲೆ ಚೀಲದ ಅಳತೆ ಮೇಲೆ. ಸಣ್ಣ ಚೀಲದ್ದು ಅಗ್ಗ, ದೊಡ್ಡ ಚೀಲದ್ದಕ್ಕೆ ಸ್ವಲ್ಪ ಜಾಸ್ತಿ. ಕಾಡುಪ್ರಾಣಿ, ದನ ಓಡಾಡುವ ಜಾಗವಾದರೆ ದೊಡ್ಡ ಚೀಲದ್ದನ್ನೇ ತನ್ನಿ, ನಾಲ್ಕು ರೂಪಾಯಿ ಉಳಿಸಲು ಹೋಗಿ ಗಿಡ ಕಳಕೊಳ್ಳಬೇಡಿ. ಎತ್ತರ ನೋಡಿ ಮರುಳಾಗಬೇಡಿ. ಸಸಿಯನ್ನು ಎತ್ತಿ ಚೀಲದ ಅಡಿ ನೋಡಿ. ಬೇರು ಹೊರಗೆ ಬಂದು ನೆಲಕ್ಕೆ ಇಳಿದಿದ್ದರೆ, ಕೀಳುವಾಗ ಪಟ್ ಅಂತ ಸದ್ದು ಬಂದರೆ, ಅದನ್ನು ಅಲ್ಲೇ ಬಿಡಿ. ಕಾಂಡ ಪೆನ್ಸಿಲ್‌ನಷ್ಟು ದಪ್ಪ, ಎಲೆ ಹಸಿರು, ಮಣ್ಣು ಗಟ್ಟಿ ಇರುವುದನ್ನು ಆರಿಸಿ. ಪಿಕಪ್ಪಿನಲ್ಲಿ ಒಂದರ ಮೇಲೊಂದು ಹೇರಬೇಡಿ, ಮೇಲೆ ಒದ್ದೆ ಗೋಣಿ ಹೊದಿಸಿ. ತಂದ ದಿನವೇ ನೆಡುವುದು ಬೇಡ, ನೆರಳಿನಲ್ಲಿ ನಾಲ್ಕೈದು ದಿನ ಇಟ್ಟು ನಿಮ್ಮ ಮನೆ ಗಾಳಿಗೆ ಹೊಂದಿಕೊಳ್ಳಲಿ.

ಗುಂಡಿಯನ್ನು ಮಳೆಗೆ ಮುಂಚೆ, ಮೇ ತಿಂಗಳಲ್ಲೇ ತೆಗೆಸಿ. ಒಂದೂವರೆ ಅಡಿ ಉದ್ದ, ಅಷ್ಟೇ ಅಗಲ, ಅಷ್ಟೇ ಆಳ. ನಮ್ಮ ಜಂಬಿಟ್ಟಿಗೆ ನೆಲದಲ್ಲಿ ಬಿಸಿಲಿಗೆ ಗುದ್ದಲಿ ಕುಣಿಯುತ್ತದೆ, ಇಬ್ಬರು ಸೇರಿದರೂ ದಿನಕ್ಕೆ 45, 50 ಗುಂಡಿ. ನನ್ನ 140ಕ್ಕೆ ಮೂರು ದಿನ ಹಿಡಿಯಿತು. ಮೇಲುಮಣ್ಣು ಒಂದು ಕಡೆ, ಅಡಿಯ ಕೆಂಪುಮಣ್ಣು ಇನ್ನೊಂದು ಕಡೆ ಹಾಕಿಸಿ. ತುಂಬುವಾಗ ಮೇಲುಮಣ್ಣು ಮೊದಲು, ಒಂದು ಬುಟ್ಟಿ ಗೊಬ್ಬರ.

ಜೂನ್ ಎರಡನೇ ವಾರದಲ್ಲಿ ನೆಲ ಚೆನ್ನಾಗಿ ನೆನೆದ ಮೇಲೆ ನೆಡಿ. ಆಟಿಯ (ಜುಲೈ-ಆಗಸ್ಟ್) ಜಡಿಮಳೆಗೆ ಕಾಯಬೇಡಿ, ಗುಂಡಿಯಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಚೀಲವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಎಡಗೈಯಲ್ಲಿ ಮಣ್ಣಿನ ಗಟ್ಟಿ ಹಿಡಿದು, ಬಲಗೈಯಲ್ಲಿ ಪ್ಲಾಸ್ಟಿಕ್ ಎಳೆಯಬೇಕು. ಆಳುಗಳಿಗೆ ಬಿಟ್ಟರೆ ಅರ್ಧ ಜನ ಚೀಲ ಸಮೇತ ಹೂತುಬಿಡುತ್ತಾರೆ. ಹಾಗಾಗಿ ಕೆಲಸ ಮುಗಿದ ಮೇಲೆ ಖಾಲಿ ಚೀಲ ಎಣಿಸಿ. 140 ಗಿಡ, 140 ಚೀಲ. ನನಗೆ 131 ಸಿಕ್ಕಿತು. ಒಂಬತ್ತು ಎಲ್ಲಿ ಅಂತ ಮಾರನೇ ದಿನ ಮಳೆಯಲ್ಲೇ ಹುಡುಕಿ ಕಿತ್ತು ಮತ್ತೆ ನೆಟ್ಟೆ. ಇಳಿಜಾರು ಜಾಗವಾದರೆ ಗಿಡದ ಮೇಲ್ಗಡೆ ಅಲ್ಲ, ಕೆಳಗಡೆ ಮಣ್ಣಿನ ಅರ್ಧಚಂದ್ರ ಕಟ್ಟಿ. ಹರಿದು ಹೋಗುವ ನೀರು ಅಲ್ಲಿ ಒಂದು ಗಳಿಗೆ ನಿಂತು ಇಂಗುತ್ತದೆ.

ಇನ್ನು ಕೋಲು. ಇದನ್ನು ದಯವಿಟ್ಟು ಬಿಡಬೇಡಿ. ಪ್ರತಿ ಗಿಡಕ್ಕೂ ನಾಲ್ಕಡಿ ಎತ್ತರದ ಕೋಲು ಊರಿ, ಅದರ ತುದಿಗೆ ಬಣ್ಣದ ಬಟ್ಟೆ ಚೂರು ಕಟ್ಟಿ. ಯಾಕೆ ಅಂತ ಹೇಳುತ್ತೇನೆ.

ಎಣಿಸಲು ಬಂದ ದಿನ

ನಾನು ಮೊದಲ ವರ್ಷ ಕೋಲು ಊರಿರಲಿಲ್ಲ. ಗಿಡ ಎಲ್ಲಿದೆ ಅಂತ ನನಗೆ ಗೊತ್ತಿದೆಯಲ್ಲ, ಸಾಕು ಅಂದುಕೊಂಡೆ. ಮಳೆಗಾಲ ಕಳೆಯಿತು, ಅಡಿಕೆ ಕೊಯ್ಲು, ಸುಲಿಯುವುದು, ಬೇಯಿಸುವುದು ಅಂತ ನಾಲ್ಕು ತಿಂಗಳು ಬ್ಯಾಣದ ಕಡೆ ತಲೆ ಹಾಕಲಿಲ್ಲ. ಗಾರ್ಡ್ ಎಣಿಸಲು ಬಂದಾಗ ಸೊಂಟದೆತ್ತರ ಕಳೆ. ಇಬ್ಬರೂ ಕತ್ತಿ ಹಿಡಿದು ಒಂದೂವರೆ ತಾಸು ಓಡಾಡಿದೆವು. ಸಿಕ್ಕಿದ್ದು 63. "ಇನ್ನೂ ಇವೆ, ಒಳಗಿವೆ" ಅಂತ ನಾನು. ಅವರು ಪೆನ್ನು ಕಿವಿಗೆ ಸಿಕ್ಕಿಸಿಕೊಂಡು, "ಹೆಗಡೇರೇ, ಕಣ್ಣಿಗೆ ಕಂಡಿದ್ದನ್ನ ಬರೀಬಹುದು, ಪೊದೆ ಒಳಗಿದ್ದಿದ್ದನ್ನ ಹೆಂಗೆ ಬರೀಲಿ?" ಅಂದರು. ಒಳ್ಳೆಯ ಮನುಷ್ಯ. ಒಂದು ವಾರ ಬಿಟ್ಟು ಬರುತ್ತೇನೆ, ಅಷ್ಟರಲ್ಲಿ ಸವರಿ ಇಡಿ ಅಂತ ಹೇಳಿ ಚಾ ಕುಡಿದು ಹೋದರು. ನಾನು ನಾಲ್ಕು ದಿನ ಕಳೆ ಸವರಿದೆ, ಸಿಕ್ಕ ಪ್ರತಿ ಗಿಡಕ್ಕೂ ಕೋಲು ಊರಿ ಆಯಿಯ ಹಳೆ ಸೀರೆಯ ಕೆಂಪು ಅಂಚು ಹರಿದು ಕಟ್ಟಿದೆ. ಎರಡನೇ ಸಲ ಎಣಿಸಿದಾಗ 97. ಮೊದಲ ಸಲದ ಲೆಕ್ಕವೇ ನಿಂತಿದ್ದರೆ 2,205 ರೂಪಾಯಿ ಬರುತ್ತಿತ್ತು, ಈಗ 3,395 ಆಯಿತು. ಬಟ್ಟೆ ಚೂರಿನ ಬೆಲೆ 1,190 ರೂಪಾಯಿ.

ಅವರು ಬರುವ ಮೊದಲು ನೀವೇ ಒಮ್ಮೆ ಎಣಿಸಿ, ಜಾತಿವಾರು ಬರೆದಿಡಿ. ಮೊಬೈಲಿನಲ್ಲಿ ಜಾಗದ ಗುರುತು ಬರುವಂತೆ ಫೋಟೋ ತೆಗೆದಿಡಿ, ನೆಟ್ಟ ದಿನದ್ದೂ ಎಣಿಸಿದ ದಿನದ್ದೂ. ಎಣಿಸುವಾಗ ಜೊತೆಗೇ ನಡೆಯಿರಿ, ಒಳಗೆ ಕೂತು ಪೇಪರ್ ಓದಬೇಡಿ. ಸತ್ತ ಗಿಡದ ಜಾಗಕ್ಕೆ ಹೊಸದು ಹಾಕಿದ್ದರೆ ಅದನ್ನು ಮುಚ್ಚಿಡಬೇಡಿ, ಹೇಳಿಬಿಡಿ. ಎರಡು ವರ್ಷದ ಗಿಡದ ಸಾಲಿನಲ್ಲಿ ಒಂದು ಗೇಣಿನ ಸಸಿ ನಿಂತಿದ್ದರೆ ಯಾರಿಗಾದರೂ ಗೊತ್ತಾಗುತ್ತದೆ, ಆಮೇಲೆ ಉಳಿದ 90ರ ಮೇಲೂ ಅನುಮಾನ.

ಗಿಡ ಸಾಯುವುದು ಮಳೆಗಾಲದಲ್ಲಿ ಅಲ್ಲ. ಫೆಬ್ರವರಿಯಿಂದ ಮೇ ವರೆಗೆ. ನಮ್ಮಲ್ಲಿ ಮಳೆ ಎಷ್ಟು ಸುರಿದರೂ ಅದೆಲ್ಲ ನಾಲ್ಕು ತಿಂಗಳಲ್ಲಿ ಹರಿದು ಹೋಗುತ್ತದೆ, ಜಂಬಿಟ್ಟಿಗೆ ನೆಲ ಹಿಡಿದಿಟ್ಟುಕೊಳ್ಳುವುದಿಲ್ಲ. ಅಕ್ಟೋಬರಿನಲ್ಲಿ ಗಿಡದ ಸುತ್ತ ಎರಡಡಿ ಕಳೆ ಕೆತ್ತಿ, ದಪ್ಪಗೆ ದರಕು ಹೊದಿಸಿ. ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಬಿಡಿ, ಇಲ್ಲದಿದ್ದರೆ ಗೆದ್ದಲು ಹತ್ತುತ್ತದೆ. ನೀರು ಹಾಕಲು ಸಾಧ್ಯವಿದ್ದರೆ ಮೊದಲ ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಒಂದು ಕೊಡ ಸಾಕು. ಬೆಂಕಿ ಇನ್ನೊಂದು. ಬ್ಯಾಣದ ಸುತ್ತ ಆರಡಿ ಅಗಲ ಕೆತ್ತಿ ಬೆಂಕಿರೇಖೆ ಮಾಡಿ, ಜನವರಿ ಮುಗಿಯುವುದರೊಳಗೆ. ದನ, ಕಡವೆ ಬರದ ಹಾಗೆ ಮುಳ್ಳುಬೇಲಿಯೋ ಹಳೆ ಬಲೆಯೋ. ಕಾಟಿ (ಕಾಡುಕೋಣ) ಬಂದರೆ ಯಾವ ಬೇಲಿಯೂ ಇಲ್ಲ, ಅದು ಅದರ ದಾರಿ.

ದುಡ್ಡು ಬರಲಿಲ್ಲ ಅಂದರೆ

ಎಣಿಕೆ ಮುಗಿದ ತಕ್ಷಣ ಖಾತೆಗೆ ಬೀಳುವುದಿಲ್ಲ, ಅನುದಾನ ಬಂದ ಮೇಲೆ ಬರುತ್ತದೆ. ತಿಂಗಳುಗಟ್ಟಲೆ ಆದರೆ ಮಾತ್ರ ಹೋಗಿ ಕೇಳಿ. ಕೇಳುವ ಮೊದಲು ನಿಮ್ಮ ಖಾತೆ ನೋಡಿಕೊಳ್ಳಿ. ನಾನು ಎರಡನೇ ವರ್ಷ ಮೂರು ಸಲ ಆಫೀಸಿಗೆ ಹೋಗಿ ಗೊಣಗಿ ಬಂದೆ. ಕೊನೆಗೆ ನೋಡಿದರೆ ತಪ್ಪು ನನ್ನದೇ. ನನ್ನ ಹಳೆ ಬ್ಯಾಂಕ್ ಇನ್ನೊಂದರಲ್ಲಿ ವಿಲೀನವಾಗಿ ಐಎಫ್‌ಎಸ್‌ಸಿ ಬದಲಾಗಿತ್ತು, ನಾನು ಕೊಟ್ಟಿದ್ದು ಹಳೆ ಪಾಸ್‌ಬುಕ್ಕಿನ ಪ್ರತಿ. ದುಡ್ಡು ಹೋಗಿ ವಾಪಸ್ ಬಂದಿತ್ತು. ಹೊಸ ಪಾಸ್‌ಬುಕ್ ಪ್ರತಿ, ಒಂದು ಸಾಲಿನ ಅರ್ಜಿ ಕೊಟ್ಟ ಮೇಲೆ ಬಂತು. ಖಾತೆಗೆ ಆಧಾರ್ ಜೋಡಣೆ ಆಗಿದೆಯಾ, ಪಹಣಿಯಲ್ಲೂ ಆಧಾರಿನಲ್ಲೂ ಪಾಸ್‌ಬುಕ್ಕಿನಲ್ಲೂ ಹೆಸರು ಒಂದೇ ಥರ ಇದೆಯಾ, ಇದನ್ನು ಈಗಲೇ ನೋಡಿಟ್ಟುಕೊಳ್ಳಿ. ಒಂದು ಕಡೆ "ಗಣಪತಿ ರಾಮಚಂದ್ರ ಹೆಗಡೆ", ಇನ್ನೊಂದು ಕಡೆ "ಜಿ. ಆರ್. ಹೆಗಡೆ" ಇದ್ದರೆ ಕಂಪ್ಯೂಟರಿಗೆ ಅವರು ಇಬ್ಬರು ಮನುಷ್ಯರು.

ಒಟ್ಟು ನನಗೆ ಬಂದಿದ್ದು: ಮೊದಲ ವರ್ಷ 97 ಗಿಡಕ್ಕೆ 3,395, ಎರಡನೇ ವರ್ಷ 91ಕ್ಕೆ 3,640, ಮೂರನೇ ವರ್ಷ 88ಕ್ಕೆ 4,400. ಕೂಡಿಸಿದರೆ 11,435 ರೂಪಾಯಿ. ಗುಂಡಿ, ಬೇಲಿ, ಕಳೆಗೆ ಆದ ಕೂಲಿಯಲ್ಲಿ ದೊಡ್ಡ ಪಾಲು ಇದರಲ್ಲಿ ತೀರಿತು, ಎಲ್ಲ ತೀರಲಿಲ್ಲ. ಇದರಿಂದ ಗಳಿಸಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹೇಗೂ ನೆಡಬೇಕು ಅಂತಿದ್ದವರಿಗೆ ಸರ್ಕಾರ ಅರ್ಧ ಕೈ ಹಚ್ಚುತ್ತದೆ, ಅಷ್ಟು.

ಕಡಿಯುವ ಮಾತು ಈಗಲೇ

ನಾಳೆ ಮರ ದೊಡ್ಡದಾದ ಮೇಲೆ "ನಮ್ಮದೇ ಜಾಗ, ನಾವೇ ನೆಟ್ಟಿದ್ದು" ಅಂತ ಕೊಡಲಿ ಹಾಕುವಂತಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಸ್ವಂತ ಜಾಗದ ಮರ ಕಡಿಯಲೂ ಅನುಮತಿ ಬೇಕು. ಕೆಲವು ಜಾತಿಗೆ ವಿನಾಯಿತಿ ಇದೆ, ಸಾಗುವಾನಿ, ಬೀಟೆಯಂಥವಕ್ಕೆ ಇಲ್ಲ. ಸಾಗಿಸಲು ಪಾಸು ಬೇರೆ. ಹಾಗಾಗಿ ಅರ್ಜಿಯ ಪ್ರತಿ, ನರ್ಸರಿ ರಸೀದಿ, ವರ್ಷವರ್ಷದ ಎಣಿಕೆ ಇವನ್ನು ಮೂರು ವರ್ಷ ಆಯಿತು ಅಂತ ಒಲೆಗೆ ಹಾಕಬೇಡಿ. ಇಪ್ಪತ್ತೈದು ವರ್ಷ ಆದ ಮೇಲೆ ಈ ಮರ ಕಾಡಿನದಲ್ಲ, ನಾವು ನೆಟ್ಟಿದ್ದು ಅಂತ ತೋರಿಸಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ನಾನು ಎಲ್ಲವನ್ನೂ ಒಂದು ಫೈಲಿಗೆ ಹಾಕಿ ತೋಟದ ಪಹಣಿ ಇರುವ ಕಪಾಟಿನಲ್ಲೇ ಇಟ್ಟಿದ್ದೇನೆ, ಮಗನಿಗೂ ತೋರಿಸಿದ್ದೇನೆ.

ನೀರಿನ ಕೆಲಸಕ್ಕೆ ಬೇರೆ ಬಾಗಿಲು ತಟ್ಟಬೇಕು. ಇಂಗುಗುಂಡಿ, ಬದು ಇವಕ್ಕೆ ಪಂಚಾಯತಿಯಲ್ಲಿ ಉದ್ಯೋಗ ಖಾತ್ರಿ ಕೆಲಸವಾಗಿ ಕೇಳಿ, ಜಾಬ್ ಕಾರ್ಡ್ ಇರಬೇಕು, ಕೆಲಸ ಶುರುಮಾಡುವ ಮೊದಲೇ ಮಂಜೂರಿ ಆಗಿರಬೇಕು. ಮೊದಲೇ ತೋಡಿಸಿ ಆಮೇಲೆ ಬಿಲ್ ಕೇಳಿದರೆ ಬರುವುದಿಲ್ಲ. ಕೃಷಿ ಹೊಂಡಕ್ಕೆ ರೈತ ಸಂಪರ್ಕ ಕೇಂದ್ರ, ಆದರೆ ಕೃಷಿ ಭಾಗ್ಯ ಎಲ್ಲ ತಾಲೂಕಿಗೂ ಇಲ್ಲ, ನಿಮ್ಮ ತಾಲೂಕು ಇದೆಯಾ ಕೇಳಿ. ನಮ್ಮ ನೆಲದಲ್ಲಿ ಹೊಂಡ ತೋಡಿದರೆ ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಲೇಬೇಕು, ಇಲ್ಲದಿದ್ದರೆ ಡಿಸೆಂಬರಿಗೇ ಖಾಲಿ. ತುಂತುರು, ಹನಿ ನೀರಾವರಿಗೆ ಸಹಾಯಧನ ಇದೆ, ತೋಟಕ್ಕಾದರೆ ತೋಟಗಾರಿಕೆ ಇಲಾಖೆ.

ಈ ವರ್ಷ ಶುರು ಮಾಡುವವರು ನಾಳೆಯೇ ಪಹಣಿ ತೆಗೆಸಿ 9ನೇ ಕಾಲಂ ನೋಡಿ. ಅದು ಸರಿ ಇದ್ದರೆ ನಾಡಿದ್ದು ರೇಂಜ್ ಆಫೀಸು. ಬೆಳಿಗ್ಗೆ ಹನ್ನೊಂದರ ಮೊದಲು ಹೋಗಿ, ಆಮೇಲೆ ಎಲ್ಲರೂ ಕಾಡಿನಲ್ಲಿರುತ್ತಾರೆ.